ಎರಡು ಫಾರ್ಮ್ಯಾಟ್‌ಗಳ ನಡುವಿನ ಮೂರು ದಿನ

ಆ ಎಫ್‌ಎಂ ಸ್ಟೇಷನ್ನಿನಲ್ಲಿ ಅವಳನ್ನು ಎಲ್ಲರೂ ಗಡಿಯಾರದಮ್ಮ ಎಂದೇ ಕರೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುತ್ತಾಳೆಂದು ಬಂದ ಹೆಸರಲ್ಲ. ದಿನಾ ಹತ್ತು ನಿಮಿಷ ತಡವಾಗಿಯೇ ನಾಲ್ಕನೆಯ ಮಹಡಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದಳು. ಅವಳ ಮೇಜಿನ ಮುಂದಿನ ಗೋಡೆಗೆ ಊಟದ ತಟ್ಟೆಯಷ್ಟು ಅಗಲದ ಒಂದು ಚಕ್ರವನ್ನು ಅಂಟಿಸಿದ್ದರು. ಒಂದು ಗಂಟೆಯಲ್ಲಿ ಯಾವ ನಿಮಿಷಕ್ಕೆ ಏನು ಬರಬೇಕು ಎಂಬುದರ ಚಿತ್ರ ಅದು. ನೀಲಿ ಹೋಳು ಹಳೆಯ ಹಾಡಿಗೆ, ಹಳದಿ ಹೋಳು ಅದಕ್ಕಿಂತ ಹಳೆಯದಕ್ಕೆ, ಕೆಂಪು ಜಾಹೀರಾತಿಗೆ, ಒಂದು ತೆಳ್ಳನೆಯ ಬಿಳಿ ಹೋಳು ಹವಾಮಾನಕ್ಕೆ. ರೇಡಿಯೋದವರು ಅದನ್ನು ಗಡಿಯಾರ ಎನ್ನುತ್ತಾರೆ. ಇಪ್ಪತ್ತೊಂದು ವರ್ಷದಿಂದ ಆ ಗಡಿಯಾರಕ್ಕೆ ಹಾಡು ತುಂಬುವುದು ಅವಳ ಕೆಲಸ.

ಅದು ಮೆಲುಹಾಡುಗಳ ಸ್ಟೇಷನ್ನು. ಕೂತು ಕೇಳುವವರಿಗಿಂತ ಕೆಲಸ ಮಾಡುತ್ತಾ ಕೇಳುವವರೇ ಹೆಚ್ಚು. ದರ್ಜಿಗಳು, ಹಲ್ಲಿನ ವೈದ್ಯರ ಮನೆಯಲ್ಲಿ ಸರದಿ ಕಾಯುವವರು, ಬ್ಯಾಂಕಿನ ಕಿಟಕಿಯ ಹಿಂದಿನವರು. ಗಂಡು ದನಿಯ ಬೆನ್ನಿಗೆ ಹೆಣ್ಣು ದನಿ ಬರಬೇಕು, ಎರಡು ನಿಧಾನದ ಹಾಡು ಬಂದರೆ ಮೂರನೆಯದಕ್ಕೆ ಸ್ವಲ್ಪ ನಡಿಗೆ ಇರಬೇಕು, ಮಧ್ಯಾಹ್ನ ಮೂರಕ್ಕೆ ಯಾರನ್ನೂ ಎಬ್ಬಿಸಬಾರದು, ಹಾಗೆಂದು ಮಲಗಿಸಲೂ ಬಾರದು. ಇದೆಲ್ಲ ಅವಳಿಗೆ ಬೆರಳ ತುದಿಯಲ್ಲಿತ್ತು. ಊಟದ ಬಿಡುವಿನಲ್ಲಿ ಬೀದಿಗೆ ಇಳಿದರೆ ಒಂದಂಗಡಿಯಿಂದ ಇನ್ನೊಂದಂಗಡಿಗೆ ತಾನು ಜೋಡಿಸಿದ ಹಾಡೇ ಕೈದಾಟಿಕೊಂಡು ಬರುತ್ತಿತ್ತು. ಆಗೆಲ್ಲ ಇಡೀ ಊರು ಒಂದು ದೊಡ್ಡ ಚಕ್ರದ ಮೇಲೆ ಕೂತು ನಿದ್ದೆಗಣ್ಣಿನಲ್ಲಿ ಮೆಲ್ಲಗೆ ತಿರುಗುತ್ತಿರುವಂತೆ ಅವಳಿಗೆ ಅನ್ನಿಸುವುದಿತ್ತು.

ಒಂದು ಸೋಮವಾರ ಮ್ಯಾನೇಜರ್ ಎಲ್ಲರನ್ನೂ ಕರೆದು ಸ್ಟೇಷನ್ನಿನ ಫಾರ್ಮ್ಯಾಟ್ ಬದಲಾಗುತ್ತದೆ ಎಂದ. ಪಕ್ಕದಲ್ಲಿ ಹೊರಗಿನಿಂದ ಬಂದ ಸಲಹೆಗಾರನೊಬ್ಬ ಕೂತಿದ್ದ. ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದ, ಮಾತು ಬಲು ನಯ. ಕೇಳುಗರ ಸರಾಸರಿ ವಯಸ್ಸು ಐವತ್ನಾಲ್ಕು ದಾಟಿದೆ, ಜಾಹೀರಾತಿನವರಿಗೆ ಮೂವತ್ತರ ಕೆಳಗಿನವರು ಬೇಕು ಎಂದು ಅವನು ವಿವರಿಸಿದ. ಇನ್ನು ಮುಂದೆ ಬರೀ ಹೊಸ ಹಾಡು, ಒಟ್ಟು ಇನ್ನೂರು. ಅದರಲ್ಲಿ ಮೇಲಿನ ಇಪ್ಪತ್ತು ಎರಡೂವರೆ ಗಂಟೆಗೊಮ್ಮೆ ತಿರುಗಿ ಬರಬೇಕು. ಯಾವುದರ ಹಿಂದೆ ಯಾವುದು ಎಂಬುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಯಾರ ಕೆಲಸವೂ ಹೋಗುವುದಿಲ್ಲ ಎಂದು ಮ್ಯಾನೇಜರ್ ಎರಡು ಸಲ ಹೇಳಿದ. ಎರಡನೆಯ ಸಲ ಅವಳ ಕಡೆ ನೋಡಿ ಹೇಳಿದ.

ಹಳೆಯದು ನಿಂತು ಹೊಸದು ಶುರುವಾಗುವ ನಡುವೆ ಮೂರು ದಿನದ ಬಿಡುವು ಇರಬೇಕೆಂದು ಸಲಹೆಗಾರ ಹಟ ಹಿಡಿದಿದ್ದ. ಆ ಮೂರು ದಿನ ಹಾಡೂ ಇರಬಾರದು, ಮಾತೂ ಇರಬಾರದು, ಜಾಹೀರಾತೂ ಇರಬಾರದು. ಏನೋ ಒಂದು ಸದ್ದು ಬರುತ್ತಲೇ ಇರಬೇಕು. ಹಳೆಯ ಕೇಳುಗರು ಬೇಸತ್ತು ತಾವಾಗಿಯೇ ಎದ್ದು ಹೋಗುತ್ತಾರೆ, ಹೊಸಬರು ಇದೇನಪ್ಪಾ ಎಂದು ಕಿವಿಗೊಡುತ್ತಾರೆ. ಎಷ್ಟೋ ಊರುಗಳಲ್ಲಿ ಹೀಗೆ ಮಾಡಿದ್ದಾರಂತೆ.

ಸಭೆ ಮುಗಿದ ಮೇಲೆ ಮ್ಯಾನೇಜರ್ ಅವಳನ್ನು ಬಾಗಿಲ ಬಳಿ ನಿಲ್ಲಿಸಿದ. "ಆ ಮೂರು ದಿನ ನಿಮ್ದು. ಏನು ಬೇಕಾದ್ರೂ ಹಾಕಿ. ನಾನು ಕೇಳೋಕೆ ಬರಲ್ಲ," ಎಂದ. ಅವನೂ ಒಂದು ಕಾಲದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವನು. ಇದಕ್ಕಿಂತ ಹೆಚ್ಚಿನದೇನನ್ನೂ ಕೊಡಲು ಅವನ ಕೈಯಲ್ಲಿರಲಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಸದ್ದು ಹುಡುಕಲು ಅವಳ ಜೊತೆ ಹೊರಟವನು ತಂತಿಯಣ್ಣ. ಪ್ರಸಾರದ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಇಬ್ಬರೂ ರೆಕಾರ್ಡರ್ ಹಿಡಿದು ಹೊಳೆಯ ದಂಡೆಗೆ ಹೋದರು. ಗಾಳಿ ಮೈಕಿಗೆ ಬಡಿದು ಹೊಳೆಯ ಸದ್ದೆಲ್ಲ ಯಾರೋ ಕಾಗದ ಹರಿಯುತ್ತಿದ್ದಾರೆ ಅನ್ನುವಂತೆ ಕೇಳಿತು. ರೈಲು ನಿಲ್ದಾಣದಲ್ಲಿ ಮಾತೇ ಮಾತು. ಉದ್ಯಾನದಲ್ಲಿ ಹಕ್ಕಿಗಳು ಚೆನ್ನಾಗಿದ್ದವು, ಆದರೆ ಪಕ್ಕದಲ್ಲಿ ಕಟ್ಟಡ ಕೆಡವುತ್ತಿದ್ದರು. ಸಂಜೆ ಬಸ್ಸಿಗೆ ಕಾಯುವಾಗ ತಂತಿಯಣ್ಣ ಕಾಲು ನೀವಿಕೊಳ್ಳುತ್ತಾ, ಬೆಚ್ಚಗಿನ ಒಳಗಿನ ಸದ್ದು ಬೇಕು, ದಿನವಿಡೀ ನಡೆಯುವಂಥದ್ದು, ಅವಸರವಿಲ್ಲದ್ದು ಎಂದ. ಅವನು ಹೇಳಿ ಮುಗಿಸುವ ಹೊತ್ತಿಗೆ ಅವಳಿಗೆ ಆ ಜಾಗ ಯಾವುದೆಂದು ಹೊಳೆದಿತ್ತು. ಆರು ವರ್ಷದಿಂದ ಅವಳು ಕಾಲಿಡದ ಜಾಗ ಅದು.

ಅವಳ ಅಕ್ಕನದೊಂದು ಲಾಂಡ್ರಿ ಇತ್ತು. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಯ ನಿಲುವಂಗಿ ಒಗೆದು ಇಸ್ತ್ರಿ ಮಾಡಿ ಕಳಿಸುವುದು. ಒಳಗೆ ಅಕ್ಕ ಮತ್ತು ಇಬ್ಬರು ಕೆಲಸದ ಹೆಂಗಸರು, ಹೊರಗೆ ವ್ಯಾನು ಓಡಿಸಲು ಭಾವ. ಅಕ್ಕನಿಗೆ ಒಳ್ಳೆಯ ಕಂಠವಿತ್ತು. ಸ್ಟೇಷನ್ನು ಹೊಸದಾಗಿದ್ದಾಗ ಊರಿನ ಹಾಡುಗಾರರಿಂದ ಕೆಲವು ಹಾಡುಗಳನ್ನು ಅಲ್ಲೇ ರೆಕಾರ್ಡ್ ಮಾಡಿಸಿದ್ದರು; ಅದರಲ್ಲಿ ಅಕ್ಕನದೂ ಒಂದು. ಹದಿನೈದು ವರ್ಷ ಅದು ವಾರಕ್ಕೆರಡು ಸಲ ಬರುತ್ತಿತ್ತು. ಬಂದ ದಿನ ಅಕ್ಕ ಏನೂ ಹೇಳುತ್ತಿರಲಿಲ್ಲ, ಆದರೆ ಲಾಂಡ್ರಿಯ ರೇಡಿಯೋ ಬೇರೆ ಸ್ಟೇಷನ್ನಿಗೆ ತಿರುಗಿದ್ದೇ ಇಲ್ಲ.

ಆರು ವರ್ಷದ ಹಿಂದೆ ಸ್ಟೇಷನ್ನಿನವರು ಒಂದು ಪರೀಕ್ಷೆ ನಡೆಸಿದರು. ಎಂಬತ್ತು ಜನರನ್ನು ಒಂದು ಸಭಾಂಗಣದಲ್ಲಿ ಕೂಡಿಸಿ, ಒಬ್ಬೊಬ್ಬರ ಕೈಗೂ ಒಂದು ತಿರುಗುಗುಂಡಿ ಕೊಟ್ಟು, ಪ್ರತಿ ಹಾಡಿನ ಏಳೇಳು ಸೆಕೆಂಡು ಕೇಳಿಸಿದರು. ಇಷ್ಟವಾದರೆ ಬಲಕ್ಕೆ ತಿರುಗಿಸಬೇಕು, ಆಗದಿದ್ದರೆ ಎಡಕ್ಕೆ. ಅಕ್ಕನ ಹಾಡು ಬಂದಾಗ ಪರದೆಯ ಮೇಲಿನ ಗೆರೆ ಒದ್ದೆ ಹಗ್ಗದಂತೆ ಜೋತುಬಿತ್ತು. ಇಂತಿಷ್ಟಕ್ಕಿಂತ ಕೆಳಗಿಳಿದ ಹಾಡನ್ನು ತೆಗೆಯಬೇಕೆಂದು ನಿಯಮ. ಅವಳು ತೆಗೆದಳು. ಎರಡು ತಿಂಗಳ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು, ತೆಗೆದದ್ದು ಮೇಲಿನವರೋ ನೀನೋ ಎಂದು. ಅವಳು ಸುಳ್ಳು ಹೇಳಲಿಲ್ಲ. ಅಂದಿನಿಂದ ಅಕ್ಕ ಅವಳೊಡನೆ ಮಾತು ಬಿಟ್ಟಳು. ಜಗಳ ಗಿಗಳ ಏನೂ ಇಲ್ಲ. ಮದುವೆ ಮುಂಜಿಯಲ್ಲಿ ಎದುರಾದರೆ ಅಕ್ಕ ಬೇರೆ ಯಾರ ಜೊತೆಯೋ ಮಾತಾಡುತ್ತಿರುತ್ತಿದ್ದಳು, ಅಷ್ಟೆ.

ಮರುದಿನ ಹತ್ತು ಗಂಟೆಗೆ ಅವಳೂ ತಂತಿಯಣ್ಣನೂ ಲಾಂಡ್ರಿಯ ಬಾಗಿಲಲ್ಲಿ ನಿಂತರು. ಅಕ್ಕ ಇಸ್ತ್ರಿ ಮೇಜಿನಿಂದ ತಲೆ ಎತ್ತಲಿಲ್ಲ. ಅವಳು ಬಂದ ಕಾರಣವನ್ನು ತಡವರಿಸುತ್ತಾ ಹೇಳಿ, ರೆಕಾರ್ಡ್ ಮಾಡುವಾಗ ರೇಡಿಯೋ ಆರಿಸಬೇಕಾಗುತ್ತದೆ ಎಂದಳು.

"ನಿನ್ನ ರೇಡಿಯೋನ ಆರಿಸು ಅಂತ ಹೇಳೋಕೆ ನೀನೇ ಬಂದ್ಯಾ," ಎಂದಳು ಅಕ್ಕ. ಇಸ್ತ್ರಿಯನ್ನು ಒಂದು ಸಲ ಬುಸ್ಸೆನ್ನಿಸಿ, "ನಾನು ಕೆಲ್ಸ ನಿಲ್ಲಿಸಲ್ಲ. ಮೂಲೇಲಿ ಜಾಗ ಇದೆ, ಕೂತ್ಕೊಳ್ಳಿ. ಅಣ್ಣ, ನೀವು ಆ ಕುರ್ಚಿ ತಗೊಳ್ಳಿ, ಇನ್ನೊಂದರ ಕಾಲು ಮುರಿದಿದೆ," ಎಂದಳು. ತಂಗಿಗೆ ಕುರ್ಚಿಯ ಮಾತಿಲ್ಲ. ಅವಳು ಕೊಳೆಬಟ್ಟೆಯ ಗಂಟಿನ ಮೇಲೆ ಕೂತಳು.

ಮೂರು ಗಂಟೆ ಹಾಗೆ ಕೂತಿದ್ದರು. ದೊಡ್ಡ ಯಂತ್ರಗಳಿಗೆ ನೀರು ತುಂಬುವ ಸದ್ದು, ತುಂಬಿ ತಡೆದು ನಿಂತ ಒಂದು ಗಳಿಗೆ, ಮತ್ತೆ ಒಳಗೆ ಬಟ್ಟೆ ಎದ್ದು ಬೀಳುವ ಸದ್ದು. ನಿಲುವಂಗಿಯ ಗುಂಡಿಗಳು ಗಾಜಿನ ಬಾಗಿಲಿಗೆ ತಗುಲಿ ಟಿಕ್ಕೆನ್ನುತ್ತಿದ್ದವು. ಮೇಲಿನ ಕಿಟಕಿಯಿಂದ ಇಳಿದ ಬಿಸಿಲು ಆವಿಯೊಳಗೆ ಸಿಕ್ಕಿಹಾಕಿಕೊಂಡು ನೆಲಕ್ಕೆ ತಲುಪದೆ ಅಲ್ಲಲ್ಲೇ ತೂಗುತ್ತಿತ್ತು. ಅಕ್ಕ ಆ ಬೆಳಕಿನೊಳಗೆ ಹೋಗಿ ಬರುವುದು, ಒಮ್ಮೆ ತೋಳಷ್ಟೇ, ಒಮ್ಮೆ ಬೆನ್ನಷ್ಟೇ ಕಾಣುವುದು. ನೋಡನೋಡುತ್ತಾ ಗಡಿಯಾರದಮ್ಮನಿಗೆ ತಾನು ಎಷ್ಟು ವರ್ಷದವಳು ಎಂಬುದೇ ಮರೆತುಹೋಯಿತು. ಹಿಂದೆ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಗ, ಎಚ್ಚರಕ್ಕೂ ನಿದ್ದೆಗೂ ನಡುವೆ ಅಕ್ಕನ ಓಡಾಟ ಹೀಗೆಯೇ ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡಳು.

ಮೂರನೆಯ ಗಂಟೆಯಲ್ಲಿ ಯಾವಾಗಲೋ ಅಕ್ಕ ಗುನುಗಲು ಶುರುಮಾಡಿದಳು. ಯಾವ ಹಾಡೂ ಅಲ್ಲ. ಇಸ್ತ್ರಿ ಹೋಗುವ ಕಡೆಗೆ ದನಿಯೂ ಹೋಗಿ, ಅದು ತಿರುಗಿದರೆ ತಾನೂ ತಿರುಗಿ, ಬಾಯಿ ತೆರೆಯದೆ ಗಂಟಲಲ್ಲೇ ಸುಳಿದಾಡುವ ಎರಡು ನಿಮಿಷದ ಒಂದು ಎಳೆ. ಗುನುಗುತ್ತಿದ್ದೇನೆಂದು ಅಕ್ಕನಿಗೇ ತಿಳಿದಿರಲಿಲ್ಲ. ತಂತಿಯಣ್ಣ ಕುರ್ಚಿಯಲ್ಲಿ ಅಲುಗಾಡದೆ ಕೂತು ತಂಗಿಯ ಕಡೆ ನೋಡಿದ. ಅವಳು ಕಣ್ಣು ತೆರೆಯಲಿಲ್ಲ.

ಸ್ಟೇಷನ್ನಿಗೆ ಮರಳಿದ ಮೇಲೆ ಆ ಎರಡು ನಿಮಿಷವನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಸಲಹೆಗಾರ ಹಾಡು ಬೇಡ, ಮಾತು ಬೇಡ ಎಂದಿದ್ದ. ಗುನುಗು ಎರಡೂ ಅಲ್ಲವಲ್ಲ ಎಂದು ತಂತಿಯಣ್ಣ ಕಾಯಿದೆ ಹೇಳುವವನಂತೆ ಹೇಳಿದ. ಅಕ್ಕನನ್ನು ಕೇಳಬೇಕು ಎಂದು ಅವಳಿಗೆ ಅನ್ನಿಸಿತು. ಫೋನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

ಮುಂದಿನ ಸೋಮವಾರ ಬೆಳಿಗ್ಗೆ ಆರಕ್ಕೆ ಮೆಲುಹಾಡುಗಳು ನಿಂತು ಲಾಂಡ್ರಿ ಶುರುವಾಯಿತು. ಮೂರು ಗಂಟೆಗೊಮ್ಮೆ ಅದೇ ಸದ್ದು ಮೊದಲಿನಿಂದ ಬರುವಂತೆ ಇಟ್ಟಿದ್ದರು. ಮೊದಲರ್ಧ ದಿನ ಬೈಗುಳದ ಫೋನುಗಳೇ. ನಿಮ್ಮ ಸ್ಟೇಷನ್ನಿಗೆ ನೀರು ನುಗ್ಗಿದೆಯಾ ಎಂದು ಒಬ್ಬರು ಕೇಳಿದರು. ಮಧ್ಯಾಹ್ನದ ಮೇಲೆ ಫೋನುಗಳ ಧಾಟಿ ಬದಲಾಯಿತು. ಹಲ್ಲಿನ ವೈದ್ಯರೊಬ್ಬರು, ಜನ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿಯುವುದು ಬಿಟ್ಟಿದ್ದಾರೆ, ಇದನ್ನು ಮುಂದುವರಿಸಿ ಎಂದರು. ಕಾರು ಕಲಿಸುವ ಶಾಲೆಯವನು, ಕಲಿಯುವವರು ಗೇರು ಬದಲಿಸುವಾಗ ಇವತ್ತು ಒಬ್ಬರೂ ಮುಗ್ಗರಿಸಲಿಲ್ಲ ಎಂದ. ಸಂಜೆ ಹೊತ್ತಿಗೆ ಒಬ್ಬ ಹೆಂಗಸು ಫೋನು ಮಾಡಿ, ಅವಳು ಮತ್ತೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕೇಳಿದಳು. ಯಾರು ಎಂದರೆ, ಅದೇ, ಗುನುಗುವವಳು. ಅದು ಎಂಟು ನಲವತ್ತು, ಹನ್ನೊಂದು ನಲವತ್ತು, ಎರಡು ನಲವತ್ತು, ಐದು ನಲವತ್ತಕ್ಕೆ ಎಂದು ಗಡಿಯಾರದಮ್ಮ ಲೆಕ್ಕ ಹಾಕಿ ಹೇಳಿದಳು.

ಎರಡನೆಯ ದಿನ ಹನ್ನೊಂದೂವರೆಗೆ ಅವಳು ಬೀದಿಗೆ ಇಳಿದಳು. ಅಂಗಡಿ ಅಂಗಡಿಯಿಂದಲೂ ನೀರು ತುಂಬುತ್ತಿತ್ತು, ಕಾಣದ ಬಟ್ಟೆಗಳು ಎದ್ದು ಬೀಳುತ್ತಿದ್ದವು. ನಲವತ್ತಾದಾಗ ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದ. ಗಾಜಿನಂಗಡಿಯವನು ಒರೆಸುತ್ತಿದ್ದ ಲೋಟವನ್ನು ಹಾಗೇ ಎತ್ತಿ ಹಿಡಿದು ನಿಂತ. ರಸ್ತೆ ದಾಟಬೇಕಾದವರು ಹಸಿರು ದೀಪ ಬಂದರೂ ಸ್ವಲ್ಪ ಹೊತ್ತು ದಾಟಲಿಲ್ಲ. ಅಕ್ಕನ ದನಿ ಒಂದು ಬಾಗಿಲಿನಿಂದ ಹೊರಬಂದು ಪಕ್ಕದ ಬಾಗಿಲೊಳಗೆ ಹೋಯಿತು, ಮೇಲಿನ ಕಿಟಕಿಯಿಂದ ಇಳಿಯಿತು, ನಿಂತ ಟ್ಯಾಕ್ಸಿಯೊಂದರ ಒಳಗೆ ಕೂತಿತು. ಬೀದಿಯೇ ಒಂದು ದೊಡ್ಡ ಕೋಣೆಯಾಗಿ, ಎಲ್ಲರೂ ಅದರಲ್ಲಿ ಮಲಗಲು ಹೊರಟವರಂತೆ ಕಂಡರು. ಎರಡು ನಿಮಿಷ ಕಳೆದ ಮೇಲೆ ದರ್ಜಿ ಕಾಲಾಡಿಸಿದ, ಲೋಟ ಕಪಾಟಿಗೆ ಹೋಯಿತು, ಜನ ದಾಟಿದರು. ಅವಳು ಮಾತ್ರ ಕಂಬಕ್ಕೊರಗಿ ನಿಂತಿದ್ದಳು. ಇದನ್ನು ಕೇಳಬೇಕಾದವಳು ಕೇಳಿದ್ದಾಳೋ ಇಲ್ಲವೋ ಎಂಬ ಅಳುಕು ಎದೆಯಲ್ಲಿ ಕೂತಿತ್ತು.

ಅಕ್ಕ ಕೇಳಿರಲಿಲ್ಲ. ರೇಡಿಯೋ ಹಾಕಿದರೆ ಲಾಂಡ್ರಿಯಲ್ಲಿ ಎರಡೆರಡು ಲಾಂಡ್ರಿ ಕೇಳುತ್ತದೆಂದು ಮೊದಲ ದಿನವೇ ಆರಿಸಿಬಿಟ್ಟಿದ್ದಳು. ಆದರೆ ಅಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತವು. ಭಾವ ಬಾಗಿಲ ಮುಂದೆ ವ್ಯಾನು ನಿಲ್ಲಿಸಿ ಗಂಟು ಇಳಿಸುತ್ತಿದ್ದ. ವ್ಯಾನಿನ ರೇಡಿಯೋದಲ್ಲಿ ಅದೇ ಸ್ಟೇಷನ್ನು ಬರುತ್ತಿತ್ತು. ಎರಡು ಮುಕ್ಕಾಲಿಗೆ ಅವನು ಸ್ಟೇಷನ್ನಿಗೆ ಫೋನು ಮಾಡಿದ.

"ನಿನ್ನಕ್ಕ ವ್ಯಾನಿನ ಬಾಗಿಲು ಹಿಡ್ಕೊಂಡು ನಿಂತುಬಿಟ್ಟಿದಾಳಮ್ಮ," ಎಂದ. "ಕರೆಂಟು ಬಂತು ಅಂದ್ರೂ ಒಳಗೆ ಹೋಗ್ತಿಲ್ಲ. ಏನು ಮಾಡಿದೀಯ ನೀನು?"

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ನಾಲ್ಕು ಮಹಡಿ ಹತ್ತಿ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಸ್ವಾಗತದವಳು ಯಾರು ಬೇಕು ಎಂದದ್ದಕ್ಕೆ ಉತ್ತರ ಕೊಡದೆ, ಆರು ವರ್ಷ ಕಳೆದರೂ ದಾರಿ ಮರೆಯದೆ, ನೇರ ತಂಗಿಯ ಮೇಜಿನ ಮುಂದೆ ಬಂದು ಕೂತಳು. ಉಸಿರು ಹತೋಟಿಗೆ ಬರುವವರೆಗೆ ಗೋಡೆಯ ಚಕ್ರವನ್ನು ನೋಡುತ್ತಿದ್ದಳು.

"ನನ್ನ ಕೇಳ್ಬೇಕಿತ್ತು ಪುಟ್ಟಿ."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

ತಂಗಿ ತಲೆ ತಗ್ಗಿಸಿದಳು. ಈಗಲೇ ತೆಗೆಸುತ್ತೇನೆ, ಐದು ನಿಮಿಷದ ಕೆಲಸ ಎಂದಳು. ತೆಗೆಯುವುದು ನಿನಗೆ ಸಲೀಸು ಎಂದಳು ಅಕ್ಕ. ಆ ಮಾತು ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು. ಪಕ್ಕದ ಕೋಣೆಯಲ್ಲಿ ಸಣ್ಣಗೆ ನೀರು ತುಂಬುತ್ತಲೇ ಇತ್ತು.

ಆರು ವರ್ಷದಿಂದ ಯಾರಿಗೂ ಹೇಳದ್ದನ್ನು ಗಡಿಯಾರದಮ್ಮ ಆಗ ಹೇಳಿದಳು. ಪರೀಕ್ಷೆಗೆ ಪ್ರತಿ ಹಾಡಿನ ಏಳು ಸೆಕೆಂಡು ಆರಿಸಿಕೊಟ್ಟವಳು ಅವಳೇ. ಬೇರೆಯವರ ಹಾಡುಗಳಲ್ಲಿ ಎಲ್ಲರಿಗೂ ನೆನಪಿರುವ, ದನಿ ಮೇಲೇರುವ ಜಾಗವನ್ನೇ ಹುಡುಕಿ ಕತ್ತರಿಸಿದ್ದಳು. ಅಕ್ಕನದಕ್ಕೆ ಬಂದಾಗ ಕೈ ತಡೆಯಿತು. ಅಕ್ಕನೆಂದು ಒಲವು ತೋರಿಸಿದಳು ಎಂದು ಯಾರಾದರೂ ಅಂದರೆ? ಮೊದಲ ಸಾಲನ್ನೇ ಹಾಕಿದಳು. ದನಿ ಇನ್ನೂ ನೆಲದ ಮೇಲೆ ನಡೆಯುತ್ತಿದ್ದ ಸಾಲು.

"ಮೇಲೆ ಹೋಗೋ ಜಾಗ ಹಾಕಿದ್ರೆ ಉಳೀತಿತ್ತು ಅಕ್ಕ. ನಂಗೆ ಗೊತ್ತಿತ್ತು."

ಅಕ್ಕನ ಮುಖ ಬಿಗಿಯಿತು, ಮತ್ತೆ ಸಡಿಲವಾಯಿತು. "ನಾನು ಹಾಡಿದ್ದೇ ಚೆನ್ನಾಗಿರ್ಲಿಲ್ಲ ಅಂದ್ಕೊಂಡಿದ್ದೆ," ಎಂದಳು ಕೊನೆಗೆ. "ಆರು ವರ್ಷ. ಆಮೇಲೆ ಒಂದಿನಾನೂ ಬಾಯಿ ಬಿಟ್ಟು ಹಾಡಿಲ್ಲ ನಾನು, ಸ್ನಾನದ ಮನೇಲೂ."

ತಂಗಿಯ ಕಣ್ಣಲ್ಲಿ ನೀರು ಬಂತು. ಅಕ್ಕ ಅದನ್ನು ನೋಡಿಯೂ ಸಮಾಧಾನ ಮಾಡಲು ಹೋಗಲಿಲ್ಲ. ಸರಿ, ಈಗ ಆರಿಸು ಅಂದರೆ ಯಾವ ಜಾಗ ಹಾಕುತ್ತಿದ್ದೆ ಎಂದು ಕೇಳಿದಳು. ಗಡಿಯಾರದಮ್ಮನಿಗೆ ಆ ಜಾಗವನ್ನು ಮಾತಿನಲ್ಲಿ ಹೇಳಲು ಬರಲಿಲ್ಲ. ಮೂಗೊರೆಸಿಕೊಂಡು ಹಾಡಿಯೇ ತೋರಿಸಿದಳು. ಹುಟ್ಟಿದಾಗಿನಿಂದ ಅವಳಿಗೆ ಸ್ವರ ಒಲಿದದ್ದಿಲ್ಲ. ದನಿ ಏರಬೇಕಾದ ಕಡೆ ಕೀರಲಾಗಿ, ಒಡೆದು, ಅರ್ಧದಲ್ಲೇ ಕೂತುಹೋಯಿತು. ಆಚೆ ಮೇಜಿನವರು ತಲೆ ಎತ್ತಿ ನೋಡಿದರು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಹಾಡು ಆರಿಸೋ ಕೆಲ್ಸಕ್ಕೆ ಹಾಕಿದ್ದು ಊರಿಗೇ ಒಳ್ಳೇದಾಯ್ತು," ಎಂದಳು. ನಗುತ್ತಾ ನಗುತ್ತಾ ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡಳು. ಆಮೇಲೆ, ಗುನುಗನ್ನು ತೆಗೆಯಬೇಡ, ನಾಳೆ ಬೆಳಿಗ್ಗೆಯವರೆಗೆ ಇರಲಿ ಎಂದಳು. ಹೊರಡುವ ಮುಂಚೆ ಇಬ್ಬರೂ ಪಕ್ಕದ ಕೋಣೆಗೆ ಹೋಗಿ, ತಂತಿಯಣ್ಣ ಎಳೆದುಕೊಟ್ಟ ಸ್ಟೂಲುಗಳ ಮೇಲೆ ಹನ್ನೊಂದು ನಲವತ್ತರವರೆಗೂ ಕೂತಿದ್ದರು. ಅಕ್ಕನಿಗೆ ತನ್ನ ದನಿ ಯಾರದೋ ಎಂಬಂತೆ ಕೇಳಿತು. ಚೆನ್ನಾಗಿದೆ ಅಲ್ವಾ ಎಂದು ತಾನೇ ಮೆಲ್ಲಗೆ ಹೇಳಿದಳು.

ಗುರುವಾರ ಬೆಳಿಗ್ಗೆ ಆರಕ್ಕೆ ಹೊಸ ಫಾರ್ಮ್ಯಾಟ್ ಶುರುವಾಯಿತು. ಅದಕ್ಕೂ ಮುಂಚೆ ಸಲಹೆಗಾರ ಗಡಿಯಾರದಮ್ಮನ ಬಳಿ ಬಂದು, ಆ ಮೂರು ದಿನ ಕೇಳುಗರು ಕಡಿಮೆಯಾಗುವ ಬದಲು ಹೆಚ್ಚಾಗಿದ್ದಾರೆ, ಆ ಗುನುಗನ್ನು ದಿನಾ ಒಂದು ಹೊತ್ತಿಗೆ ಇಟ್ಟುಕೊಳ್ಳೋಣ, ಪ್ರಾಯೋಜಕರೂ ಸಿಗುತ್ತಾರೆ ಎಂದಿದ್ದ. ಅದು ನನ್ನದಲ್ಲ, ಕೇಳಿ ಹೇಳುತ್ತೇನೆ ಎಂದಳು ಅವಳು. ಅಕ್ಕ ಬೇಡ ಎಂದಳು. ದಿನಾ ಬಂದರೆ ಜನಕ್ಕೆ ಸಾಕಾಗಿಬಿಡುತ್ತದೆ, ಆಮೇಲೆ ಮತ್ತೆ ಯಾರೋ ಗುಂಡಿ ಎಡಕ್ಕೆ ತಿರುಗಿಸುತ್ತಾರೆ ಎಂದಳು. ಸಲಹೆಗಾರ ಬೇಸರವಾದರೂ ನಯವಾಗಿಯೇ ಒಪ್ಪಿಕೊಂಡ.

ಹೊಸ ಸ್ಟೇಷನ್ನು ಚೆನ್ನಾಗಿಯೇ ನಡೆಯಿತು. ಕಾಲೇಜಿನ ಹುಡುಗಿಯರು ಬಸ್ಸಿನಲ್ಲಿ ಅದನ್ನೇ ಕೇಳುತ್ತಿದ್ದರು. ದರ್ಜಿ ಎರಡು ವಾರ ಮುನಿಸಿಕೊಂಡಿದ್ದು ಆಮೇಲೆ ಕಾಲಿನ ತಾಳ ಹೊಸ ಹಾಡಿಗೆ ಹೊಂದಿಸಿಕೊಂಡ. ಗಡಿಯಾರದಮ್ಮನಿಗೆ ಪರೀಕ್ಷೆಗೆ ಹಾಡಿನ ತುಣುಕು ಕತ್ತರಿಸುವ ಕೆಲಸ ಕೊಟ್ಟರು. ಅವಳು ಪ್ರತಿ ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಎರಡು ಸಲ ಕೇಳಿದ ಮೇಲೆಯೇ ಕತ್ತರಿ ಆಡಿಸುತ್ತಾಳೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಮ್ಯಾನೇಜರ್ ಒಮ್ಮೊಮ್ಮೆ ಬಾಗಿಲಲ್ಲಿ ನಿಂತು ನೋಡಿ, ಅವಸರ ಮಾಡದೆ ಹೋಗುತ್ತಾನೆ.

ಭಾನುವಾರ ಅವಳು ಲಾಂಡ್ರಿಗೆ ಹೋಗುತ್ತಾಳೆ. ಕೆಲಸದ ಹೆಂಗಸರಿಗೆ ಅಂದು ರಜೆ. ಹೋಟೆಲಿನ ದೊಡ್ಡ ಹಾಸುಬಟ್ಟೆಗಳನ್ನು ಮಡಿಸಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ಅಕ್ಕತಂಗಿಯರು ದೂರ ಸರಿಯುತ್ತಾರೆ, ಬಟ್ಟೆ ನಡುವೆ ಬಿಗಿಯಾಗಿ ಬೆಳ್ಳಗೆ ನಿಲ್ಲುತ್ತದೆ, ಮತ್ತೆ ಎದುರೆದುರು ನಡೆದು ಬರುತ್ತಾರೆ. ಮಾತು ವ್ಯಾನಿನ ಬ್ರೇಕಿನದು, ಭಾವನ ಮಂಡಿನೋವಿನದು, ಅಕ್ಕನ ಮಗಳ ಪರೀಕ್ಷೆಯದು. ಮಧ್ಯಾಹ್ನದ ಬಿಸಿಲು ಮೇಲಿನ ಕಿಟಕಿಯಿಂದ ಇಳಿದು ಮಡಿಸಿಟ್ಟ ರಾಶಿಯ ಮೇಲೆ ಹರಡಿರುತ್ತದೆ. ತಂಗಿ ಏನನ್ನೋ ಯೋಚಿಸುತ್ತಾ ನಿಂತರೆ ಅಕ್ಕ ಬಟ್ಟೆಯನ್ನು ಸಣ್ಣಗೆ ಜಗ್ಗುತ್ತಾಳೆ.

"ಮೂಲೆ ಸರಿಯಾಗಿ ಹಿಡಿ ಪುಟ್ಟಿ. ಇನ್ನೂ ಮೂವತ್ತು ಇದೆ."